ಸಂಜೆ ನಾಲ್ಕೂವರೆಯ ಖಾಲಿ ಹೊಟ್ಟೆ

ಆ ಮನುಷ್ಯನನ್ನು ನಾನು ಮೂರು ಸಲ ವಾಪಸು ಕಳಿಸಿದ್ದೇನೆ. ಮೂರು ಸಲವೂ ನಿಯಮದ ಪ್ರಕಾರವೇ ಕಳಿಸಿದ್ದೆ. ಆ ಮಾತು ನನ್ನ ಸಮಾಧಾನಕ್ಕೆ ಒದಗಲಿಲ್ಲ.

ಜೇವರ್ಗಿಯಲ್ಲಿ ಹೆದ್ದಾರಿಗೆ ಹತ್ತಿಕೊಂಡಿರುವ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಹೊರಗೊಂದು ಬೆಂಚು, ಒಳಗೆ ಕೈ ಚಾಚಿ ಕೂರುವ ಕುರ್ಚಿ, ಅದರ ಹಿಂದೆ ಗಾಜಿನ ಗೋಡೆ, ಗಾಜಿನಾಚೆ ಯಂತ್ರಗಳು. ಮಾಲೀಕರು ಕಲಬುರಗಿಯಿಂದ ವಾರಕ್ಕೆ ಎರಡು ದಿನ ಬಂದು ವರದಿಗಳನ್ನು ನೋಡಿ ಸಹಿ ಮಾಡುತ್ತಾರೆ. ಉಳಿದಂತೆ ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆಯುವುದು, ರಕ್ತ ತೆಗೆಯುವುದು, ಯಂತ್ರ ನಡೆಸುವುದು, ಎಲ್ಲವೂ ನಾನೇ. ನನ್ನ ಊರು ಆಳಂದ ತಾಲ್ಲೂಕಿನ ಸರಸಂಬಾ. ಇಲ್ಲಿ ಒಂದು ಕೋಣೆ ಹಿಡಿದು ಇದ್ದೇನೆ.

ಖಾಲಿ ಹೊಟ್ಟೆಯ ರಕ್ತಕ್ಕೆ ನಮ್ಮಲ್ಲಿ ಬೆಳಿಗ್ಗೆ ಹತ್ತರವರೆಗೆ ಮಾತ್ರ ಸಮಯ. ಹತ್ತಾದ ಮೇಲೆ ಬಂದವರಿಗೆ ಒಂದೇ ಉತ್ತರ: ನಾಳೆ ಬರ್ರಿ.

ಆತ ಮೊದಲ ಸಲ ಬಂದಾಗ ಎಂಟೂವರೆ. ಮೂವತ್ತಾರು ವಯಸ್ಸು, ತುಂಬುತೋಳಿನ ಅಂಗಿ, ಹುಬ್ಬಿನಲ್ಲಿ, ಕಿವಿಯ ಮಡಿಕೆಯಲ್ಲಿ ಮೈದಾ ಹಿಟ್ಟು. ಊರಿನ ಒಂದು ಬೇಕರಿಯ ಭಟ್ಟಿಯಲ್ಲಿ ಪಾವ್, ಖಾರಿ, ಟೋಸ್ಟ್ ಸುಡುವ ಕೆಲಸ. ಬಸ್‌ಸ್ಟ್ಯಾಂಡಿನ ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಬರೆದ ಚೀಟಿ ತಂದಿದ್ದ. ವೇಗವಾಗಿ ನಡೆದರೆ ಎದೆ ಬಿಗಿಯುತ್ತದೆ, ನಿಂತರೆ ಬಿಡುತ್ತದೆ. ಇಸಿಜಿ ಸರಿ ಇದೆ. ಖಾಲಿ ಹೊಟ್ಟೆಯಲ್ಲಿ ಕೊಲೆಸ್ಟ್ರಾಲ್ ನೋಡಬೇಕು.

"ಏನಾರ ತಿಂದೀರೇನ್ರಿ?" ಎಂದು ಕೇಳಿದೆ. ಎಲ್ಲರಿಗೂ ಕೇಳುವ ಪ್ರಶ್ನೆ.

"ಏನಿಲ್ರಿ ಮೇಡಂ. ಬರೇ ಚಾ. ಅದರಾಗ ಎರಡ ಟೋಸ್ಟ್ ಅದ್ದಿ ತಿಂದೀನಿ, ಅಷ್ಟ."

"ಚಾ ಕುಡದ ಮ್ಯಾಲ ಉಪವಾಸ ಹ್ಯಾಂಗಾತ್ರಿ? ಅದರಾಗ ಹಾಲು, ಸಕ್ರಿ. ಟೋಸ್ಟಿನ್ಯಾಗ ಡಾಲ್ಡಾ."

"ಡಾಲ್ಡಾ ಹಾಕಾವ ನಾನ ಅಲ್ಲೇನ್ರಿ, ನನಗ ಗೊತ್ತಿಲ್ಲೇನು," ಎಂದು ನಕ್ಕ.

ನಾನು ನಗಲಿಲ್ಲ. ಹಿಂದೆ ಏಳು ಜನ ಕೂತಿದ್ದರು. ಅಚ್ಚು ಹಾಕಿಸಿದ ಚೀಟಿಯೊಂದನ್ನು ಕೈಗೆ ಕೊಟ್ಟೆ: 'ರಾತ್ರಿ ಎಂಟಕ್ಕೆ ಊಟ ಮುಗಿಸಿ, ಬೆಳಿಗ್ಗೆ ಎಂಟಕ್ಕೆ ಉಪವಾಸದಲ್ಲಿ ಬರಬೇಕು.' ಆತ ಅದನ್ನು ಎರಡು ಸಲ ಓದಿ, ಮಡಿಚಿ ಜೇಬಿಗಿಟ್ಟುಕೊಂಡು ಹೋದ.

ಎರಡು ದಿನ ಬಿಟ್ಟು ಮತ್ತೆ ಬಂದ. ಈ ಸಲ ನಾನು ಒಂದೊಂದನ್ನೇ ಬಿಡಿಸಿ ಕೇಳಿದೆ.

"ರಾತ್ರಿ ಎಂಟರ ಮ್ಯಾಲ ಊಟ ಮಾಡೀರೇನು?"

"ರಾತ್ರಿ ಊಟಾನ ಮಾಡಿಲ್ರಿ."

"ಮುಂಜಾನಿ ಚಾ?"

"ಮುಟ್ಟಿಲ್ರಿ."

ರಕ್ತ ತೆಗೆದೆ. ಹಳದಿ ಮುಚ್ಚಳದ ಕೊಳವೆ ಅರ್ಧ ಗಂಟೆ ನಿಂತು ಹೆಪ್ಪುಗಟ್ಟಿತು. ಸೆಂಟ್ರಿಫ್ಯೂಜಿನಲ್ಲಿ ಹತ್ತು ನಿಮಿಷ ತಿರುಗಿಸಿ ಹೊರತೆಗೆದರೆ ಮೇಲೆ ನಿಂತ ಸೀರಂ, ತಿಳಿಯಾಗಿರಬೇಕಾದ ದ್ರವ, ಹಾಲಿನಂತೆ ಬೆಳ್ಳಗಿತ್ತು. ಕೊಳವೆಯ ಹಿಂದೆ ಬೆರಳಿಟ್ಟರೆ ಬೆರಳು ಕಾಣಲಿಲ್ಲ. ಊಟವಾದ ನಾಲ್ಕೈದು ಗಂಟೆಯೊಳಗೆ ತೆಗೆದ ರಕ್ತ ಹೀಗಿರುತ್ತದೆ: ತಿಂದ ಕೊಬ್ಬು ಇನ್ನೂ ರಕ್ತದಲ್ಲಿ ತೇಲುತ್ತಿರುತ್ತದೆ. ಇಂಥ ಸೀರಮ್ಮಿನ ಮೂಲಕ ಯಂತ್ರದ ಬೆಳಕು ಸರಿಯಾಗಿ ಹಾಯುವುದಿಲ್ಲ, ಅಂಕಿ ನಂಬುವ ಹಾಗಿರುವುದಿಲ್ಲ. ಹಾಲಿನಂಥದ್ದನ್ನು ಯಂತ್ರಕ್ಕೆ ಹಾಕಬಾರದು, ತಿರಸ್ಕರಿಸಬೇಕು ಎಂಬುದು ಮಾಲೀಕರ ಕಟ್ಟುನಿಟ್ಟು. ತಿರಸ್ಕರಿಸಿದೆ. ಫೋನು ಮಾಡಿ ಸ್ವಲ್ಪ ಸಿಟ್ಟಿನಲ್ಲೇ ಹೇಳಿದೆ:

"ಊಟ ಮಾಡಿ ಮಾಡಿಲ್ಲ ಅಂತ ಯಾಕ ಹೇಳಿದ್ರಿ? ರಕ್ತ ಸುಳ್ಳ ಹೇಳಂಗಿಲ್ರಿ."

"ನಾನೂ ಸುಳ್ಳ ಹೇಳಿಲ್ರಿ ಮೇಡಂ," ಎಂದು ಫೋನಿಟ್ಟ.

ಆ ದನಿಯಲ್ಲಿ ಅವಮಾನ ಇತ್ತು. ನನಗೆ ಕೇಳಿಸಿತು. ಕೇಳಿಸಿಯೂ ಮುಂದಿನ ಕೊಳವೆಗೆ ಕೈ ಹಾಕಿದೆ.

ಮೂರನೆಯ ಸಲ ಆತನ ಜೊತೆ ಹೆಂಡತಿಯೂ ಬಂದಿದ್ದಳು. ಆತನ ತುಟಿ ಒಡೆದು ಬಿಳಿಚಿತ್ತು. ನಾನು ಕೇಳುವ ಮೊದಲೇ ಆಕೆ ಹೇಳಿದಳು: "ನಿನ್ನಿ ಮಧ್ಯಾಹ್ನ ಉಂಡದ್ದ ಕಡೀರಿ. ಏನೂ ಮುಟ್ಟಿಲ್ಲ. ನೀರ ಸೈತ ಮುಟ್ಟಿಲ್ಲ. ಇನ್ನ ಯಾರೂ ಸುಳ್ಳ ಅನಬಾರದು."

"ನೀರು ಕುಡೀಬಹುದಿತ್ತಲ್ರಿ!"

"ಚೀಟಿ ಮ್ಯಾಲ ಉಪವಾಸ ಅಂತ ಬರದೀರಿ. ನಮ್ಮಲ್ಲಿ ಉಪವಾಸ ಅಂದ್ರ ರೋಜಾ. ರೋಜಾದಾಗ ನೀರ ಹ್ಯಾಂಗ ಕುಡೀತಾರ?"

ನಾನು ಚೀಟಿಯನ್ನು ಮನಸ್ಸಿನಲ್ಲೇ ಓದಿಕೊಂಡೆ. ನೀರಿನ ಮಾತು ಅದರಲ್ಲಿ ಇರಲೇ ಇಲ್ಲ. ಆತ ಹದಿನೆಂಟು ಗಂಟೆ ಒಣ ಗಂಟಲಿನಲ್ಲಿದ್ದ, ಅದೂ ಭಟ್ಟಿಯ ಬಾಯಿಯ ಮುಂದೆ ದುಡಿಯುವವನು.

ಕುರ್ಚಿಗೆ ಕೂರಿಸಿ ತೋಳಿಗೆ ಪಟ್ಟಿ ಬಿಗಿದೆ. ನರ ಬೆರಳಿಗೆ ಸಿಗಲಿಲ್ಲ. ನೀರಿಲ್ಲದೆ ನರಗಳು ಒಳಗೆ ಕುಸಿದಿದ್ದವು. ಪಟ್ಟಿ ಸಡಿಲಿಸಿ ಇನ್ನೊಂದು ತೋಳಿಗೆ ಬರುವಷ್ಟರಲ್ಲಿ ಆತನ ಕತ್ತು ಒಂದು ಕಡೆಗೆ ವಾಲಿತು. ನಾನೂ ಆಕೆಯೂ ಸೇರಿ ಬೆಂಚಿನ ಮೇಲೆ ಮಲಗಿಸಿದೆವು. ಕಾಲು ಎತ್ತಿ ಹಿಡಿದೆ. ಒಂದೆರಡು ನಿಮಿಷಕ್ಕೆ ಕಣ್ಣು ಬಿಟ್ಟ. ಎದೆ ನೋಯುತ್ತಿಲ್ಲ ಎಂದ. ಸಕ್ಕರೆ ಕದಡಿದ ನೀರು ಕುಡಿಸಿದೆ. ಅಲ್ಲಿಗೆ ಆ ದಿನದ ಪರೀಕ್ಷೆಯೂ ಮುಗಿಯಿತು.

ಮಲಗಿದ್ದಾಗ ಆತನ ಅಂಗಿಯ ತೋಳು ಭುಜದವರೆಗೂ ಮಡಚಿಕೊಂಡಿತ್ತು. ಮೊಣಕೈಯ ಮೇಲೆ ಬಟಾಣಿ ಗಾತ್ರದ, ಹಳದಿ ಬಣ್ಣದ ಮೂರ್ನಾಲ್ಕು ಗಂಟುಗಳು. ಬೆರಳ ಗೆಣ್ಣುಗಳ ಮೇಲೂ ಅಂಥವೇ ಸಣ್ಣವು.

"ಇವು ಏನ್ರಿ?"

"ಭಟ್ಟಿ ಸುಟ್ಟ ಕಲಿ ಅವು," ಎಂದು ಆತನೇ ಹೇಳಿ ತೋಳು ಇಳಿಸಿಕೊಂಡ.

"ಅವರಣ್ಣಗೂ ಇದ್ದವು," ಎಂದಳು ಹೆಂಡತಿ. "ಅವರೂ ಇದೇ ಭಟ್ಟಿ ಕೆಲಸ. ಮೂವತ್ತೊಂಬತ್ತಕ್ಕ ಹೋದ್ರು. ಹಿಟ್ಟ ನಾದಕೋತ ಕುಂತಲ್ಲೇ ಹೋದ್ರು."

ನಾನು ಇನ್ನೇನೋ ಕೇಳುವವಳಿದ್ದೆ. ಆಕೆ ಗಂಡನನ್ನು ಎಬ್ಬಿಸಿ ನಿಲ್ಲಿಸಿ, ಬಾಗಿಲಲ್ಲಿ ತಿರುಗಿ ಹೇಳಿದಳು: "ಒಂದು ಚಮಚ ರಕ್ತಕ್ಕ ಎಷ್ಟ ಸಲ ಬರಬೇಕ್ರಿ? ಇನ್ನ ಬರಂಗಿಲ್ಲ."

ಬರಲಿಲ್ಲ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಬೆಳಿಗ್ಗೆ ಗಾಜಿನಾಚೆ ಯಾರ ನೆರಳು ಬಿದ್ದರೂ ಕತ್ತೆತ್ತಿ ನೋಡುತ್ತಿದ್ದೆ. ರಕ್ತ ತೆಗೆಯುವಾಗ ಎಲ್ಲರ ಮೊಣಕೈ ನೋಡುವ ಚಟ ಹತ್ತಿಕೊಂಡಿತು. ಸುಟ್ಟ ಕಲೆ ಚರ್ಮದಲ್ಲಿರುತ್ತದೆ, ಸಪಾಟಾಗಿರುತ್ತದೆ. ಅವು ಉಬ್ಬಿದ್ದವು. ಅಣ್ಣನಿಗೂ ಇದ್ದವು. ಓದುವಾಗ ಇಂಥದ್ದೇನನ್ನೋ ಪುಸ್ತಕದಲ್ಲಿ ನೋಡಿದ್ದ ನೆನಪು ಕೈಗೆ ಸಿಕ್ಕಂತಾಗಿ ಜಾರುತ್ತಿತ್ತು. ಎರಡು ಸಲ ಕೊಳವೆಗಳಿಗೆ ತಪ್ಪು ಚೀಟಿ ಅಂಟಿಸಲು ಹೋಗಿ ಕೊನೆ ಗಳಿಗೆಯಲ್ಲಿ ಎಚ್ಚೆತ್ತೆ. ಮೂರನೆಯ ದಿನ ಹನ್ನೊಂದಕ್ಕೆ ಲ್ಯಾಬಿಗೆ ಬೀಗ ಹಾಕಿ, ಚೀಟಿ ಬರೆದಿದ್ದ ಡಾಕ್ಟರ ಕ್ಲಿನಿಕ್ಕಿಗೆ ಹೋದೆ.

ಡಾಕ್ಟರು ರೋಗಿಯನ್ನು ಹೊರಗೆ ಕೂರಿಸಿ ನನ್ನ ಮಾತು ಕೇಳಿದರು. ಹಾಲಿನಂಥ ಸೀರಂ, ಮೊಣಕೈ, ಗೆಣ್ಣು, ಅಣ್ಣ. ಅವರ ಕೈಯಲ್ಲಿದ್ದ ಪೆನ್ನು ನಿಂತಿತು.

"ನನ್ನ ಮುಂದ ಕುಂತಾಗ ತೋಳು ಮುಚ್ಚಿತ್ತು. ನಾನೂ ಎತ್ತಿ ನೋಡಲಿಲ್ಲ," ಎಂದರು. "ಅದು ಕೊಲೆಸ್ಟ್ರಾಲ್ ಇರಬಹುದವ್ವ. ಕೆಲವ್ರಿಗೆ ಹುಟ್ಟಿನಿಂದನ ರಕ್ತದಾಗ ಭಾಳ ಇರ್ತದ. ಮನಿತನದಾಗ ಬರ್ತದ. ಹೆಚ್ಚಾಗಿದ್ದು ಹಿಂಗ ಗಂಟಾಗಿ ಕೂಡ್ತದ. ಚರ್ಮದಾಗ ಕೂಡಿದ್ದು ಕಣ್ಣಿಗಿ ಕಾಣ್ತದ, ಹೃದಯದ ನಳಿಗಿಯಾಗ ಕೂಡಿದ್ದು ಕಾಣಂಗಿಲ್ಲ."

"ಈಗ ಏನ್ ಮಾಡೂದ್ರಿ?"

"ಕಲಬುರಗಿಗಿ ಹೋಗು ಅಂತ ಮೊದಲನ ಹೇಳೀನಿ. ಒಲ್ಲೆ ಅಂದಾನ. ಅಂಕಿ ಕೈಯಾಗಿದ್ರ ಹೆದರಿಸಿ ಕಳಸಬಹುದು. ಖಾಲಿ ಹೊಟ್ಟಿ ಇರದಿದ್ರೂ ಒಟ್ಟು ಕೊಲೆಸ್ಟ್ರಾಲ್ ಭಾಳ ಬದಲಾಗಂಗಿಲ್ಲ. ಆದರ ನಿಮ್ಮ ಹಾಲಿನಂಥ ಸೀರಂ ಮ್ಯಾಲ ಮಾಡಿದ್ದನ್ನ ನಾನೂ ನಂಬಾಂಗಿಲ್ಲ. ಹ್ಯಾಂಗರ ಮಾಡಿ ತಿಳಿ ಸೀರಂ ತಗೀ."

ಅಲ್ಲಿಂದ ನೇರ ಆತನ ಮನೆಗೆ ನಡೆದೆ. ಸಂತೆ ಬಯಲಿನ ಹಿಂದಿನ ಓಣಿ. ಹೆಂಡತಿ ಬಾಗಿಲಲ್ಲೇ ನಿಂತು, ಒಳಗೆ ಕರೆಯದೆ, "ಮಲಗ್ಯಾರ್ರಿ," ಎಂದಳು. ಮಧ್ಯಾಹ್ನ ಹನ್ನೆರಡು. ಆ ಒಂದು ಮಾತಿಗೆ ನನ್ನ ತಲೆಯಲ್ಲಿ ಏನೋ ಸರಿದು ಜಾಗಕ್ಕೆ ಕೂತಿತು.

"ಅವರು ಊಟ ಎಷ್ಟಕ್ಕ ಮಾಡ್ತಾರ್ರಿ? ನಸುಕಿನಿಂದ ಹೇಳ್ರಿ."

"ಈಗ ಕೇಳ್ತೀರೇನು? ಭಟ್ಟಿ ನಾಲ್ಕಕ್ಕ ಮುಗೀತದ. ನಾಲ್ಕೂವರಿಗಿ ಮನಿಗಿ ಬಂದು ಹೊಟ್ಟಿ ತುಂಬ ಉಣ್ತಾರ. ಅದ ದೊಡ್ಡ ಊಟ. ಆರಕ್ಕ ಮಲಗಿ ಒಂದು ಗಂಟಿಗಿ ಏಳ್ತಾರ. ನೀವು ಬಾ ಅಂದ ದಿನ ನಿದ್ದಿ ಬಿಟ್ಟ ಬಂದಾರ."

ರಾತ್ರಿ ಊಟ ಮಾಡಿರಲಿಲ್ಲ. ಬೆಳಗಿನ ಚಹಾ ಕುಡಿದಿರಲಿಲ್ಲ. ನಾನು ಕೇಳಿದ ಎರಡು ಪ್ರಶ್ನೆಗೂ ಆತ ನಿಜವನ್ನೇ ಹೇಳಿದ್ದ. ನಾಲ್ಕೂವರೆಯದು ಆತನಿಗೆ ರಾತ್ರಿಯ ಊಟವಲ್ಲ, ನಸುಕಿನದು; ಅದರ ಬಗ್ಗೆ ನಾನು ಕೇಳಿರಲಿಲ್ಲ.

"ನಾನು ತಪ್ಪ ಮಾಡೀನ್ರಿ," ಎಂದೆ. "ಅವರು ಸುಳ್ಳ ಹೇಳಿರಲಿಲ್ಲ."

ಆಕೆ ಒಂದು ಗಳಿಗೆ ನನ್ನ ಮುಖ ನೋಡಿ, ಬಾಗಿಲಿನಿಂದ ಸರಿದು ನಿಂತಳು.

ಒಳಗೆ ನೆಲದ ಮೇಲೆ ಕೂತು ಬೆರಳು ಮಡಚಿ ಲೆಕ್ಕ ಹಾಕಿದೆ. ನಸುಕಿನ ನಾಲ್ಕೂವರೆಗೆ ಊಟ. ಹನ್ನೆರಡು ಗಂಟೆ ಕೂಡಿಸಿದರೆ ಸಂಜೆ ನಾಲ್ಕೂವರೆ. ಅದೇ ಆತನ ಖಾಲಿ ಹೊಟ್ಟೆಯ ಬೆಳಗು. ಎದ್ದ ಮೇಲೆ ನೀರು ಎಷ್ಟು ಬೇಕಾದರೂ ಕುಡಿಯಲಿ, ಚಹಾ ಬೇಡ, ಬೀಡಿ ಬೇಡ, ಗುಟ್ಕಾ ಬೇಡ. ಆಕೆ ಹೇಳಿದಳು: "ಎಂಟ ದಿನ ಆತ್ರಿ, ಅಡಗಿಗಿ ಎಣ್ಣಿ ಹನಿಸಿಲ್ಲ. ರಿಪೋರ್ಟ್ ಚಲೋ ಬರಲಿ ಅಂತ."

"ಹಂಗ ಮಾಡಬ್ಯಾಡ್ರಿ. ದಿನಾ ಏನ್ ಉಣ್ತಾರ ಅದ ಉಣ್ಣಲಿ. ಇದ್ದದ್ದು ಇದ್ದಂಗ ಕಾಣಬೇಕು."

ಮಾಲೀಕರಿಗೆ ಫೋನು ಮಾಡಿದೆ. ಸಂಜೆ ಖಾಲಿ ಹೊಟ್ಟೆಯ ರಕ್ತ ಎಂದೊಡನೆ ಅವರ ದನಿ ಬಿಗಿಯಾಯಿತು. ಹತ್ತರ ಮೇಲೆ ಇಲ್ಲ ಎಂದರೆ ಇಲ್ಲ. ಒಬ್ಬರಿಗೆ ಮಾಡಿದರೆ ನಾಳೆ ಎಲ್ಲರೂ ಕೇಳುತ್ತಾರೆ. ಸಂಜೆ ಕರೆಂಟಿನ ಭರವಸೆ ಇಲ್ಲ. ಅವರ ಯಾವ ಮಾತೂ ಸುಳ್ಳಲ್ಲ. ನಾನು "ಆಯ್ತು ಸರ್" ಎಂದೆ. ಫೋನಿಟ್ಟ ಮೇಲೆ ಹೆಂಡತಿಗೆ ಹೇಳಿದೆ: "ನಾಳಿ ಸಂಜಿ ನಾಲ್ಕೂವರಿಗಿ ನಾನ ಇಲ್ಲಿಗಿ ಬರ್ತೇನಿ."

ಹತ್ತು ವರ್ಷದ ಕೆಲಸದಲ್ಲಿ ಹೇಳಿದ ಮಾತು ಮೀರಿದ್ದು ಅದೇ ಮೊದಲು.

ಮರುದಿನ ನಾಲ್ಕು ಹೊಡೆಯುವ ಮೊದಲೇ ಸಣ್ಣ ಪೆಟ್ಟಿಗೆ ಹಿಡಿದು ಹೊರಟಿದ್ದೆ. ಮನೆಯಲ್ಲಿ ಆತ ಗೋಡೆಗೊರಗಿ ಕೂತಿದ್ದ. ಹನ್ನೊಂದು ವರ್ಷದ ಮಗಳು ಹೊಸ್ತಿಲಲ್ಲಿ ಶಾಲೆಯ ಚೀಲ ಇಟ್ಟುಕೊಂಡೇ ನೋಡುತ್ತಿದ್ದಳು. ಆತನ ತಾಯಿ, ಅರವತ್ತರ ಆಸುಪಾಸಿನ ಹೆಂಗಸು, ನನಗೆ ಚಹಾ ತರಲು ಎದ್ದಳು.

"ಬ್ಯಾಡ್ರಿ ಅಮ್ಮಾ. ಅವರು ಉಪವಾಸ ಕುಂತಾಗ ನಾ ಹ್ಯಾಂಗ ಕುಡೀಲಿ? ರಕ್ತ ಕೊಟ್ಟ ಮ್ಯಾಲ ಅವರ ಜೋಡಿ ಕುಡೀತೇನಿ."

ಕೂತು ಹತ್ತು ನಿಮಿಷ ಆಗಲಿ ಎಂದು ಕಾದೆ. ನಡೆದಾಡಿ ಬಂದೊಡನೆ ತೆಗೆದರೆ ಅಂಕಿ ಸ್ವಲ್ಪ ಏರುಪೇರಾಗುತ್ತದೆ. ಆ ಹತ್ತು ನಿಮಿಷದಲ್ಲಿ ತಾಯಿ ಹಿರಿಯ ಮಗನ ಮಾತು ತೆಗೆದಳು. ಆತ ಸತ್ತು ಎರಡು ವರ್ಷವಾಗಿತ್ತು. "ಅವನ ಹೆಂಡತಿ ಮನ್ಹೂಸ್, ಅಪಶಕುನದಾಕಿ," ಎಂದಳು. "ಅಕಿ ಕಾಲಿಟ್ಟ ಮನಿ ಉಳೀಲಿಲ್ಲ. ಗಟ್ಟಿಮುಟ್ಟ ಇದ್ದ ನನ್ನ ಮಗನ್ನ ನುಂಗಿದಳು. ಅದಕ್ಕ ಮಕ್ಕಳ ಸಮೇತ ತವರಿಗಿ ಅಟ್ಟೀನಿ." ಕಿರಿಯ ಸೊಸೆ ಕತ್ತು ತಗ್ಗಿಸಿ ಒಲೆಯ ಕಡೆ ತಿರುಗಿದಳು. ಆತ, "ಅಮ್ಮಾ, ಬಿಡು," ಎಂದ. ನಾನು ಗಡಿಯಾರ ನೋಡಿದೆ.

ಪಟ್ಟಿ ಬಿಗಿದು ಒಂದು ನಿಮಿಷದೊಳಗೆ ಮುಗಿಸಬೇಕು. ಹೆಚ್ಚು ಹೊತ್ತು ಬಿಗಿದರೆ ರಕ್ತ ಮಂದವಾಗಿ ಕೊಲೆಸ್ಟ್ರಾಲ್ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಎಡಗೈಯಲ್ಲಿ ಸೂಜಿ ಹಾಕಿದೆ, ನರ ಪಕ್ಕಕ್ಕೆ ಸರಿಯಿತು. ತೆಗೆದೆ. ನನ್ನ ಹಣೆ ಬೆವೆತಿತ್ತು. ಹೊರಗಿನವರ ಮನೆಯಲ್ಲಿ, ನಾಲ್ಕು ಜೋಡಿ ಕಣ್ಣಿನ ಮುಂದೆ, ನಾಲ್ಕನೆಯ ಸಲವೂ ತಪ್ಪಿದರೆ? ಬಲಗೈಗೆ ಬಂದೆ. ಆತನೇ ಹೇಳಿದ: "ಸಾವಕಾಶ ಮಾಡ್ರಿ ಮೇಡಂ. ಇವತ್ತ ನೀರ ಭಾಳ ಕುಡದೀನಿ." ನಿಜ, ನರ ಬೆರಳಿಗೆ ಹಗ್ಗದಂತೆ ಸಿಕ್ಕಿತು. ಕೊಳವೆ ತುಂಬಿತು. ಐದಾರು ಸಲ ಮೆಲ್ಲಗೆ ತಿರುವಿ ನೆಟ್ಟಗೆ ನಿಲ್ಲಿಸಿದೆ.

ಆಮೇಲೆ ನಾವಿಬ್ಬರೂ ಚಹಾ ಕುಡಿದೆವು. ನನ್ನದು ಗಂಟಲಲ್ಲಿ ಇಳಿಯುವ ಮೊದಲೇ ಎದ್ದಿದ್ದೆ.

ಲ್ಯಾಬಿಗೆ ಬಂದು ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜಿನ ಮುಚ್ಚಳ ತೆರೆದು ಕೊಳವೆ ಇಡುವಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿಯ ಮೇಲೆ ಫ್ರಿಜ್ಜು ಮತ್ತು ಒಂದು ದೀಪ ಮಾತ್ರ ನಡೆಯುತ್ತವೆ. ಹತ್ತು ನಿಮಿಷ ಕಾದೆ, ಇಪ್ಪತ್ತು ನಿಮಿಷ ಕಾದೆ. ಹೊರಗೆ ಬಂದು ಹೆದ್ದಾರಿಯಲ್ಲಿ ನಿಂತು ಎರಡೂ ಕಡೆ ನೋಡಿದೆ, ಕರೆಂಟು ಲಾರಿಯಲ್ಲಿ ಬರುತ್ತದೆ ಎಂಬಂತೆ. ಸೀರಮ್ಮನ್ನು ಹೆಪ್ಪಿನಿಂದ ಬೇರೆ ಮಾಡದೆ ಗಂಟೆಗಟ್ಟಲೆ ಇಡುವ ಮನಸ್ಸಾಗಲಿಲ್ಲ. ಮುಂದಿನ ತಿರುವಿನಲ್ಲಿ ನಮಗೆ ಪೈಪೋಟಿಯಾದ ಇನ್ನೊಂದು ಲ್ಯಾಬಿದೆ. ಅವರಲ್ಲಿ ಜನರೇಟರ್ ಇದೆ. ಕೊಳವೆಯನ್ನು ಮುಷ್ಟಿಯಲ್ಲಿ ನೆಟ್ಟಗೆ ಹಿಡಿದು ನಡೆದೆ. ಅಲ್ಲಿನ ಟೆಕ್ನಿಷಿಯನ್ ನನಗಿಂತ ಹಿರಿಯ, ಮಾತಿಗೆ ಸಿಕ್ಕವನಲ್ಲ. ವಿಷಯ ಕೇಳಿ ಒಂದೂ ಪ್ರಶ್ನೆ ಹಾಕದೆ ತಿರುಗಿಸಿಕೊಟ್ಟ. ಹೊರತೆಗೆದು ದೀಪಕ್ಕೆ ಹಿಡಿದ.

"ಏನ್ ತಿಳಿ ಅದ ನೋಡ್ರಿ. ಗಾಜಿನಂಗ. ಏನಿಲ್ಲ ಬಿಡ್ರಿ ಇವಗ, ಸುಮ್ಮನ ಓಡ್ಯಾಡಾಕತ್ತೀರಿ."

ಸೀರಂ ತಿಳಿಯಾಗಿ, ಹುಲ್ಲಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಮೊದಲು ಸಮಾಧಾನವಾಯಿತು. ಹಿಂದೆಯೇ ನಾಚಿಕೆ ಬಂತು: ಪುಸ್ತಕದ ಅರ್ಧ ನೆನಪಿಗೆ ಇಷ್ಟೆಲ್ಲ ಗದ್ದಲ ಎಬ್ಬಿಸಿದೆನೇ?

ಏಳರ ಹೊತ್ತಿಗೆ ಕರೆಂಟು ಬಂತು. ಯಂತ್ರ ಕಾಯುವವರೆಗೆ ಕೂರಲಾಗದೆ ಮೇಜು ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಮೊದಲು ಅಂಕಿ ಗೊತ್ತಿರುವ ಕಂಟ್ರೋಲ್ ಸೀರಂ ಹಾಕಿ ನೋಡಿದೆ, ಸರಿ ಬಂತು. ಆಮೇಲೆ ಆತನದು. ಯಂತ್ರ ಅಂಕಿ ಕೊಡಲಿಲ್ಲ. ಅಳತೆಯ ಮಿತಿ ಮೀರಿದೆ ಎಂಬ ಗುರುತು ತೋರಿಸಿತು.

ಕೈ ತಪ್ಪಿರಬೇಕು ಎಂದುಕೊಂಡು ಪಿಪೆಟ್ಟಿಗೆ ಹೊಸ ತುದಿ ಹಾಕಿ ಮತ್ತೆ ಮಾಡಿದೆ. ಅದೇ ಗುರುತು. ಸೀರಮ್ಮಿಗೆ ಸಮಪಾಲು ಸಲೈನ್ ಬೆರೆಸಿ ಮೂರನೆಯ ಸಲ ಹಾಕಿದೆ. ಇನ್ನೂರ ಏಳು. ಅರ್ಧಕ್ಕೆ ಇಳಿಸಿದ್ದರಿಂದ ಅದರ ಎರಡರಷ್ಟು: ನಾನೂರ ಹದಿನಾಲ್ಕು. ಇನ್ನೂರರೊಳಗೆ ಇರಬೇಕಾದದ್ದು. ಟ್ರೈಗ್ಲಿಸರೈಡ್ ನೂರ ಅರವತ್ತು, ಒಳ್ಳೆಯ ಕೊಲೆಸ್ಟ್ರಾಲ್ ಮೂವತ್ತೆಂಟು. ಕಾಗದದ ಮೇಲೆ ಕಳೆದು ನೋಡಿದರೆ ಕೆಟ್ಟದ್ದು ಮುನ್ನೂರ ನಲವತ್ತನಾಲ್ಕು.

ಹಾಲಿನಂಥ ಸೀರಂ ಕಂಡರೆ ಹೆದರಬೇಕು ಎಂದು ಕಲಿತವಳು ನಾನು. ಹಾಲಾಗಿ ಕಾಣುವುದು ಊಟದ ಕೊಬ್ಬು, ಅದು ಬಂದು ಹೋಗುವಂಥದ್ದು. ಈ ಕೊಲೆಸ್ಟ್ರಾಲ್ ತಿಳಿ ಸೀರಮ್ಮಿನಲ್ಲೇ ಕರಗಿ ಕೂತಿತ್ತು, ಹೊರಗೆ ಯಾವ ಗುರುತೂ ತೋರಿಸದೆ.

ಡಾಕ್ಟರಿಗೆ ಫೋನು ಮಾಡಿ ಅಂಕಿ ಓದಿದೆ. "ಇವತ್ತ ಭಟ್ಟಿಗಿ ಹೋಗಬ್ಯಾಡ ಅಂತ ಹೇಳು. ನಾನು ಅವನ ಮನಿಗಿ ಹೊಂಟೀನಿ," ಎಂದರು. ನಾನು ಹೆಂಡತಿಗೆ ಫೋನು ಹಚ್ಚಿದೆ. ಆತ ಕೆಲಸದ ಅಂಗಿ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿದ್ದ.

"ಹಿಡದ ನಿಲ್ಲಸ್ರಿ," ಎಂದೆ. "ಡಾಕ್ಟರು ಬರಾಕತ್ತಾರ."

"ಎಷ್ಟ ಬಂದದ್ರಿ?" ಎಂದು ಕೇಳಿದಳು. ಹೇಳಿದೆ. ಆ ಅಂಕಿಯ ಅರ್ಥ ಆಕೆಗೆ ಗೊತ್ತಿರಲಿಲ್ಲ. ನನ್ನ ದನಿಯಿಂದ ಗೊತ್ತಾಯಿತು. "ಚಪ್ಪಲಿ ಬಿಡ್ರಿ," ಎಂದು ಗಂಡನಿಗೆ ಕೂಗಿದ್ದು ಫೋನಿನಲ್ಲಿ ಕೇಳಿಸಿತು.

ಮರುದಿನ ಕಲಬುರಗಿಯಲ್ಲಿ ಹೃದಯದ ನಳಿಕೆಗಳನ್ನು ನೋಡಿದರು. ಒಂದು ಬಹುತೇಕ ಮುಚ್ಚಿಹೋಗಿತ್ತು, ಇನ್ನೊಂದು ಅರ್ಧದ ಮೇಲೆ. ಎರಡಕ್ಕೂ ಸ್ಟೆಂಟ್ ಹಾಕಿದರು. ವಾರದ ಮೇಲೆ ಆತ ಮನೆಗೆ ಬಂದ. ದಿನಾ ನುಂಗುವ ಗುಳಿಗೆಗಳು ಬಂದವು. ರಾತ್ರಿಯ ಭಟ್ಟಿ ಬಿಡಿಸಿ ಬೇಕರಿಯವರು ಹಗಲು ಅಂಗಡಿಯ ಮುಂದೆ ಕೂರಿಸಿದರು.

ಮಾಲೀಕರು ಬಂದ ದಿನ ವರದಿಯ ಮೇಲಿನ ಸಮಯ ನೋಡಿದರು: ಸಂಜೆ ನಾಲ್ಕು ಐವತ್ತು. ಏನಾಯಿತು ಎಂದು ಪೂರ್ತಿ ಹೇಳಿದೆ. ಬಹಳ ಹೊತ್ತು ಅಂಕಿಗಳನ್ನೇ ನೋಡಿ ಸಹಿ ಮಾಡಿದರು. ನಿಯಮ ಮುರಿದದ್ದಕ್ಕೆ ಒಂದು ಮಾತೂ ಆಡಲಿಲ್ಲ. ಆದರೆ ನಮ್ಮ ಕೊಳವೆಯನ್ನು ಪೈಪೋಟಿಯ ಲ್ಯಾಬಿಗೆ ಒಯ್ದದ್ದಕ್ಕೆ ಬಯ್ದರು, ಅದನ್ನು ಅವರು ಇವತ್ತಿಗೂ ಮರೆತಿಲ್ಲ. ಹೋಗುವಾಗ ಅಚ್ಚಿನ ಚೀಟಿಯ ಕಟ್ಟು ನನ್ನ ಮುಂದಿಟ್ಟು, "ಇದನ್ನ ತಿದ್ದಿ ಬರಿ," ಎಂದರು. 'ನಿಮ್ಮ ದೊಡ್ಡ ಊಟ ಮುಗಿದು ಹನ್ನೆರಡು ಗಂಟೆ ಆದ ಮೇಲೆ ಬನ್ನಿ. ನೀರು ಕುಡಿಯಿರಿ' ಎಂದು ಬರೆದೆ.

ಇದು ಮನೆತನದ ರಕ್ತದ್ದು, ಹತ್ತಿರದ ರಕ್ತಸಂಬಂಧಿಗಳನ್ನೆಲ್ಲ ನೋಡಬೇಕು ಎಂದು ಡಾಕ್ಟರು ಹೇಳಿದರು. ಮಗಳನ್ನು ಕರೆತಂದರು. ಅವಳೊಡನೆ ಬಂದಿದ್ದ ಅಜ್ಜಿ ತಾನೇ ಕುರ್ಚಿಯಲ್ಲಿ ಕೂತು ಬಳೆ ಮೇಲೇರಿಸಿ ಕೈ ಚಾಚಿದಳು. "ನಂದೂ ತಗಿ ಬೇಟಿ. ನಾನೂ ನಿನ್ನಿಯಿಂದ ಉಂಡಿಲ್ಲ."

ಮೊಮ್ಮಗಳದು ಇನ್ನೂರ ತೊಂಬತ್ತು. ಅಜ್ಜಿಯದು ಮುನ್ನೂರ ಐವತ್ತರ ಮೇಲೆ.

ಡಾಕ್ಟರು ಇಬ್ಬರನ್ನೂ ಎದುರು ಕೂರಿಸಿ ಹೇಳುವಾಗ ನಾನೂ ಇದ್ದೆ. ಮಗುವಿಗೆ ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು, ಕಲಬುರಗಿಯ ಮಕ್ಕಳ ಡಾಕ್ಟರಿಗೆ ತೋರಿಸೋಣ, ಹೆದರಬೇಡಿ ಎಂದರು. ಅಜ್ಜಿಗೆ ಅದಾವುದೂ ಕೇಳಿಸಿದಂತಿರಲಿಲ್ಲ.

"ನನ್ನ ಹಿರಿ ಮಗಗ ಇದ ಇತ್ತೇನ್ರಿ?"

"ಇದ್ದಿರಬೇಕು ಅಮ್ಮಾ. ಪರೀಕ್ಷೆ ಮಾಡಿಲ್ಲ, ಖಾತ್ರಿ ಹೇಳಾಕಾಗಲ್ಲ. ಆದರ ಗಂಟಿದ್ದವು ಅಂತೀರಿ, ಹೋದ ರೀತಿ ನೋಡಿದ್ರ ಇದ."

"ನನ್ನಿಂದ ಬಂತು?"

"ಇದು ಯಾರ ತಪ್ಪೂ ಅಲ್ಲ. ನಿಮಗೂ ನಿಮ್ಮ ಹಿರ್ಯಾರಿಂದ ಬಂದದ್ದ."

ಆಕೆ ಎದ್ದು ಹೊರಗೆ ಹೋಗಿ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತಳು. ನಾನು ಹಿಂದೆಯೇ ಹೋದೆ. ಅಲ್ಲೇ ಕೂತು ಕೇಳಿದಳು: "ಘತ್ತರಗಿಗಿ ಬಸ್ ಎಷ್ಟಕ್ಕ ಅದ?"

ಹಿರಿಯ ಸೊಸೆಯ ತವರು ಅಫಜಲಪುರ ತಾಲ್ಲೂಕಿನ ಘತ್ತರಗಿ. ಭಾಗ್ಯವಂತಿ ಗುಡಿಗೆ ಬರುವ ಹೆಣ್ಣುಮಕ್ಕಳಿಗೆ ಬಳೆ ತೊಡಿಸಿ, ಇಬ್ಬರು ಮಕ್ಕಳನ್ನು ಸಾಕುತ್ತಿದ್ದಳು. ಅವಳ ನಂಬರು ಕಿರಿಯ ಸೊಸೆಯ ಹತ್ತಿರ ಇತ್ತು. ಅತ್ತೆಗೆ ಗೊತ್ತಾಗದಂತೆ ಇಬ್ಬರೂ ಮಾತಾಡುತ್ತಿದ್ದರು. ನಾನೇ ಫೋನು ಮಾಡಿ, ಯಾಕೆ ಬರುತ್ತೇವೆ ಎಂಬುದನ್ನೂ ಮಕ್ಕಳು ಹೇಗಿರಬೇಕು ಎಂಬುದನ್ನೂ ಹೇಳಿದೆ. ಅತ್ತೆಯೂ ಬರುತ್ತಾಳೆ ಎಂದಾಗ ಆಕೆ "ಬರ್ರಿ," ಎಂದಷ್ಟೇ ಅಂದಳು.

ಭಾನುವಾರ ನಾನೂ ಆತನ ತಾಯಿಯೂ ಮೊದಲ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ತಾಯಿ ಸೆರಗಿನ ತುದಿ ಸುತ್ತುತ್ತ, ಬಿಚ್ಚುತ್ತ, ಸುತ್ತುತ್ತ ಇದ್ದಳು. ನನ್ನ ಮಡಿಲಲ್ಲಿ ಪೆಟ್ಟಿಗೆ. ಏನು ನಡೆಯುತ್ತದೋ ಎಂದು ನನಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮುಖಕ್ಕೆ ಬಾಗಿಲು ಹಾಕಿದರೆ ಆ ಮಕ್ಕಳ ರಕ್ತವೂ ಹಾಗೇ ಉಳಿಯುತ್ತದೆ.

ಬಾಗಿಲು ತೆರೆದೇ ಇತ್ತು. ಸೊಸೆ ಹೊಸ್ತಿಲೊಳಗೆ ನಿಂತಿದ್ದಳು. ತೆಳ್ಳನೆಯ ಹೆಂಗಸು, ತಲೆಯ ಮೇಲೆ ಸೆರಗು, ಊರಿಗೆಲ್ಲ ಬಳೆ ತೊಡಿಸುವವಳ ಕೈ ಬರಿದು. ಹಿಂದೆ ಹದಿನಾಲ್ಕರ ಮಗಳು, ಒಂಬತ್ತರ ಮಗ. ಯಾರೂ ಬನ್ನಿ ಅನ್ನಲಿಲ್ಲ.

ತಾಯಿ ಹೊಸ್ತಿಲು ದಾಟಲಿಲ್ಲ. ಅಂಗಳದಲ್ಲೇ ನಿಂತು ತಮ್ಮ ಮನೆಮಾತಿನಲ್ಲಿ ಹೇಳಿದಳು: "ಮೇರೆ ಖೂನ್ ಮೇ ಥಾ, ಬೇಟಿ. ತೇರೆ ನಸೀಬ್ ಮೇ ನೈ." ಅದು ನನ್ನ ರಕ್ತದಲ್ಲಿತ್ತು, ಮಗಳೇ, ನಿನ್ನ ಹಣೆಬರಹದಲ್ಲಿ ಅಲ್ಲ. ಹೇಳಿ, ಅಲ್ಲೇ ನೆಲದ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಸೊಸೆಯ ಒಂದು ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು, ಬೆರಳ ತುದಿ ಬೆಳ್ಳಗಾಗಿತ್ತು. ಆಕೆ ಅತ್ತೆಯನ್ನು ನೋಡಿದಳು, ಹಿಂದಿದ್ದ ಮಕ್ಕಳನ್ನು ನೋಡಿದಳು. ಆಮೇಲೆ ಕೆಳಗಿಳಿದು ಅತ್ತೆಯ ರಟ್ಟೆ ಹಿಡಿದು ಎಬ್ಬಿಸುತ್ತ, ನನ್ನ ಕಡೆ ತಿರುಗಿ ಹೇಳಿದಳು:

"ಮಕ್ಕಳು ರಾತ್ರಿಯಿಂದ ಏನೂ ತಿಂದಿಲ್ರಿ, ನೀವು ಹೇಳಿದಂಗ. ಮೊದಲ ರಕ್ತ ತಗೋರಿ. ಅಳೂದು ಆಮ್ಯಾಲ ಅಳ್ತೇವಿ."